ರುದ್ರಪ್ಪನವರ ಎಡಗಾಲು

ಆ ಆಷಾಢದಲ್ಲಿ ರುದ್ರಪ್ಪನವರ ಕೆಲಸ ಹೋಗಿದ್ದು ನನ್ನಿಂದ. ಗಾಡಿಯ ಕ್ಲಚ್ ಕೆಟ್ಟಿದ್ದಕ್ಕೆ ಅದರದೇ ಕಾರಣವಿತ್ತು, ಅದು ಬೇರೆ. ಆದರೆ ಕೆಡಿಸಿದವರು ರುದ್ರಪ್ಪನವರೇ ಅಂತ ಹಿರಿಯೂರಿನಿಂದ ಚಿತ್ರದುರ್ಗದವರೆಗಿನ ಡ್ರೈವರುಗಳೆಲ್ಲ ನಂಬುವಂತೆ ಮಾಡಿದ್ದು ನಾನು. ಅದೂ ಒಂದು ಮಾತಾಡದೆ, ಬರೀ ಎಡಗಾಲು ಕುಣಿಸಿ. ಸುಳ್ಳು ಹೇಳಿದ್ದರೆ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆದು ಮುಗಿಸಬಹುದಿತ್ತು. ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ಕಂಡ ಹಾಗೇ ಮಾಡಿ ತೋರಿಸಿದ್ದೆ. ಕಂಡದ್ದೇನು ಅಂತ ಮಾತ್ರ ನನಗೇ ಗೊತ್ತಿರಲಿಲ್ಲ.

ಮೊನ್ನೆ ಹೊಳಲ್ಕೆರೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಏರಿನಲ್ಲಿ ಅದಿರು ತುಂಬಿದ ಲಾರಿಯೊಂದು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಅದರ ಅಡಿಯಿಂದ ಬೆಂದ ರಬ್ಬರಿನ ವಾಸನೆ ಎದ್ದು ಬಂದು ನನ್ನ ಹೆಲ್ಮೆಟ್ಟಿನೊಳಗೆ ಕೂತಿತು. ಕೈ ತಾನಾಗಿ ಬ್ರೇಕು ಹಿಡಿಯಿತು. ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು, "ಏನಪ್ಪ, ನಿದ್ದೆ ಬಂತಾ?" ಅಂತ ಕೇಳಿ ಮುಂದೆ ಹೋದ. ನಿದ್ದೆ ಎಲ್ಲಿಂದ ಬರಬೇಕು. ಆ ವಾಸನೆ ಬಂದರೆ ಇವತ್ತಿಗೂ ನನ್ನ ಎಡಗಾಲಿನ ಬೆರಳುಗಳು ಬೂಟಿನೊಳಗೇ ಮಿಡುಕುತ್ತವೆ.

ಹಿರಿಯೂರಿನ ಹೊರಗೆ, ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಮ್ಮ ತಿಪ್ಪೇಸ್ವಾಮಿ ಮಾವನ ಗ್ಯಾರೇಜು. ಮಾವ ಅಂದರೆ ಅಮ್ಮನ ತಮ್ಮ. ನಾನು ಅಲ್ಲಿ ಮೆಕ್ಯಾನಿಕ್ಕು ಅಂತ ನಾನು ಹೇಳುತ್ತೇನೆ. ಮಾವ ಬೇರೆ ಏನೋ ಹೇಳುತ್ತಾನೆ. ಆದರೆ ನನ್ನದೊಂದು ಕೆಲಸಕ್ಕೆ ಅವನೂ ಬೆಲೆ ಕೊಡುತ್ತಿದ್ದ. ಜೀವಮಾನವೆಲ್ಲ ಸುತ್ತಿಗೆ ಪೆಟ್ಟು, ಲಾರಿ ಹಾರನ್ನು ಕೇಳಿ ಮಾವನ ಕಿವಿ ಮಂದವಾಗಿತ್ತು. ಓಡುವ ಗಾಡಿಯೊಳಗಿನ ಸಣ್ಣ ಸದ್ದು ಅವನಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಗಿರಾಕಿ ಜೊತೆ ನಾನು ಒಂದು ಸುತ್ತು ಹೋಗಿ ಬರಬೇಕು, ಬಂದು ಮಾವನ ಕಿವಿ ಹತ್ತಿರ ಆ ಸದ್ದನ್ನು ಬಾಯಲ್ಲಿ ಮಾಡಬೇಕು. "ಕಟಕಟ ಅಂತಾ, ಕರಕರ ಅಂತಾ? ಸರಿಯಾಗಿ ಹೇಳಲೇ," ಅಂತ ಮಾವ ಕಣ್ಣು ಮುಚ್ಚಿ ಕೇಳೋನು. ಕೇಳಿ, "ಬೇರಿಂಗು," ಅನ್ನೋನು. ಬೇರಿಂಗೇ ಆಗಿರುತ್ತಿತ್ತು.

ಬಾಯಿ ಅಷ್ಟಕ್ಕೇ ಸುಮ್ಮನಿದ್ದರೆ ಒಳ್ಳೆಯದಿತ್ತು. ನಾನು ಹಿರಿಯೂರು ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟು ಮಾಡುತ್ತಿದ್ದೆ, ಟೋಲಿನವರ ಜೊತೆ ಜಗಳಾಡುವ ಸೇಟುವನ್ನು ಮಾಡುತ್ತಿದ್ದೆ, ಊಟಕ್ಕೆ ಕರೆದರೂ ಬೈದ ಹಾಗೆ ಕರೆಯುವ ನಮ್ಮತ್ತೆಯನ್ನು ಅವಳೆದುರೇ ಮಾಡುತ್ತಿದ್ದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮಿದ ನನ್ನನ್ನೂ ಮಾಡುತ್ತಿದ್ದೆ. ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ನಗು ಬೀಳುತ್ತಿತ್ತು.

ಆಷಾಢ ಅಂದರೆ ನಮ್ಮ ಸೀಮೆಯಲ್ಲಿ ಗಾಳಿ. ಮಳೆ ಹನಿಸಿದರೂ ಬಟ್ಟೆ ಒದ್ದೆಯಾಗುವ ಮೊದಲೇ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಗ್ಯಾರೇಜಿನ ತಗಡು ದಡದಡ ಬಡಿದುಕೊಳ್ಳುತ್ತದೆ, ಬಿಚ್ಚಿಟ್ಟ ನಟ್ಟು ಬೋಲ್ಟುಗಳ ಮೇಲೆ ಮಣ್ಣು ಕೂರುತ್ತದೆ. ಹೊಸ ಗಾಡಿ ಯಾರೂ ತಗೊಳ್ಳಲ್ಲ, ಹಳೆಯದಕ್ಕೆ ದೊಡ್ಡ ಕೆಲಸ ಯಾರೂ ಹಚ್ಚಲ್ಲ. ಕೈ ಖಾಲಿ, ಬಾಯಿಗೆ ಪೂರ್ತಿ ಕೆಲಸ.

ಅಂಥದ್ದರಲ್ಲಿ ಬಂತು ಆ ಅರಿಶಿನ ಬಣ್ಣದ ಸ್ಪೋರ್ಟ್ಸ್ ಕಾರು. ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಲೋಕೇಶಪ್ಪನವರದ್ದು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎರಡೇ ಸೀಟು, ನಾನೂರು ಕುದುರೆಗೂ ಮೇಲಿನ ಬಲ. ಯಾರದೋ ಕೈಯಿಂದ ಎರಡನೆಯದಾಗಿ ಕೊಂಡಿದ್ದರು. ಸಾವ್ಕಾರ್ರು ಕಲಿತದ್ದು ಎಡಗಾಲಿಗೆ ಕೆಲಸವಿಲ್ಲದ ಆಟೋಮ್ಯಾಟಿಕ್ ಗಾಡಿ. ಇದಕ್ಕೆ ಕ್ಲಚ್ಚು ತುಳಿಯಬೇಕು, ಗೇರು ಹಾಕಬೇಕು. ಅದಕ್ಕೆ ರುದ್ರಪ್ಪನವರನ್ನು ಇಟ್ಟುಕೊಂಡಿದ್ದರು. ಭರಮಸಾಗರದವರು, ಸರ್ಕಾರಿ ಬಸ್ಸು ಓಡಿಸಿ ರಿಟೈರಾದವರು. ಸರ್ವಿಸ್ ಪೂರ್ತಿ ಒಂದು ಗೀರು ಬೀಳದ ಹಾಗೆ ಗಾಡಿ ಡಿಪೋಗೆ ವಾಪಸ್ ತಂದವರು ಅಂತ ಅವರ ಜೊತೆಯವರು ಹೇಳುತ್ತಿದ್ದರು, ಅವರು ಹೇಳುತ್ತಿರಲಿಲ್ಲ. ಅವರು ಓಡಿಸೋದು, ಪಕ್ಕದಲ್ಲಿ ಲೋಕೇಶಪ್ಪ ಕಿಟಕಿ ಹೊರಗೆ ಮೊಳಕೈ ಇಟ್ಟು ಕೂರೋದು. ಹೊಸದುರ್ಗದ ಸಂತೆ ಬೀದಿಯಲ್ಲಿ ಹಾಗೊಂದು ಸಲ ಹೋದರೆ ವ್ಯಾಪಾರ ನಿಲ್ಲುತ್ತಿತ್ತಂತೆ. ಸದ್ದು ಸಾಲದು ಅಂತ ಸಾವ್ಕಾರ್ರು ಎಂಜಿನ್ನಿನಿಂದ ಹಿಂದಿನವರೆಗೂ ದಪ್ಪನೆ ಹೊಸ ಸೈಲೆನ್ಸರ್ ಪೈಪು ಬೇರೆ ಹಾಕಿಸಿದ್ದರು.

"ಮೇಸ್ತ್ರಿ, ಕ್ಲಚ್ ಕೆಳಗೋದ್ರೆ ಮೇಲೇ ಬರ್ತಿಲ್ಲ ಅಂತಾರೆ ನಮ್ ರುದ್ರಪ್ಪ," ಅಂದರು ಲೋಕೇಶಪ್ಪ. "ಕುಂತ್ಕಳ್ರಿ, ನೋಡಾಣ," ಅಂದ ಮಾವ.

ಅವರು ಪಕ್ಕದ ಹೋಟೆಲ್ಲಿನಲ್ಲಿ ಟಿಫನ್ನು ಮುಗಿಸಿ ಬಂದಿದ್ದರು. ಅಲ್ಲಿಯವರೆಗೆ ಗಾಡಿ ಹೋಟೆಲ್ಲಿನ ನೆರಳಲ್ಲಿ ಗಾಳಿಗೆ ಮೈಯೊಡ್ಡಿ ನಿಂತಿತ್ತು. ಮಾವ ಕೂತು ತುಳಿದ. ಪೆಡಲ್ ಕೆಳಗೆ ಹೋಯಿತು, ಮೇಲೆ ಬಂತು. ಮತ್ತೆ ತುಳಿದ, ಮತ್ತೆ ಬಂತು. ಕಾಲಡಿಯ ಮ್ಯಾಟು ತೆಗೆದು ನೋಡಿದ. ಪೆಡಲಿನ ಸ್ಪ್ರಿಂಗ್ ನೋಡಿದ. ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳ ತೆರೆದರೆ ಆಯಿಲ್ ಮಟ್ಟ ಸರಿಯಾಗಿತ್ತು, ಬಣ್ಣ ಮಾತ್ರ ಹುಣಸೆ ರಸದ ಹಾಗೆ ಕಪ್ಪಗಿತ್ತು. "ಹಳೇ ಆಯಿಲ್ಲು," ಅಂದು ಮುಚ್ಚಿದ. "ಸಾವ್ಕಾರ್ರೆ, ನನ್ ಕಾಲಿಗೆ ನಿಲ್ತಿಲ್ಲ."

ಅಷ್ಟು ಹೇಳಿ ನನ್ನ ಕಡೆ ನೋಡಿದ. ರುದ್ರಪ್ಪನವರ ಜೊತೆ ಒಂದು ಸುತ್ತು ಹೋಗಿ ಬಾ ಅಂತ ಅರ್ಥ.

ರುದ್ರಪ್ಪನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಬಟ್ಟೆ ಚೀಲಕ್ಕೆ ಹಾಕಿ ಸೀಟಿನ ಹಿಂದೆ ಇಟ್ಟರು. ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬರಿಗಾಲು. ನನಗೆ ಆಗಲೇ ಬಾಯಲ್ಲಿ ನೀರು ಬಂದಿತ್ತು. ನಕಲು ಮಾಡೋನಿಗೆ ಇದಕ್ಕಿಂತ ಇನ್ನೇನು ಬೇಕು? ಹೈವೇ ಹತ್ತಿದ ಮೇಲೆ ಆ ಸೈಲೆನ್ಸರ್ ಎದೆಗೂಡಿನೊಳಗೇ ಕೂತು ಗುಡುಗುತ್ತಿತ್ತು. ಅವರ ಮುಖದಲ್ಲಿ ಮಾತ್ರ ಹಿರಿಯೂರು-ಹೊಸದುರ್ಗ ಆರ್ಡಿನರಿ ಬಸ್ಸಿನದೇ ಶಾಂತಿ. ಗೇರು ಬದಲಿಸುವಾಗ ಗದ್ದ ಮುಂದೆ ಬರೋದು, ತುಟಿ ಏನೋ ಎಣಿಸೋದು. ಎಡಗಾಲಂತೂ ಪೆಡಲ್ ಬಿಟ್ಟು ಆಚೆ ಹೋಗುತ್ತಲೇ ಇರಲಿಲ್ಲ. ಅಲ್ಲೇ ಮಿಡುಕುತ್ತಿತ್ತು, ನೀರಿಂದ ತೆಗೆದ ಮೀನಿನ ಹಾಗೆ. ನಾನು ಅದನ್ನೇ ನೋಡುತ್ತಾ ಮನಸ್ಸಿನಲ್ಲೇ ಕಲಿಯುತ್ತಿದ್ದೆ. ನನ್ನನ್ನು ಕಳಿಸಿದ್ದು ಪೆಡಲ್ ನೋಡಲು ಅಂತ ಮರೆತೇ ಹೋಗಿತ್ತು.

ವಾಪಸ್ ಬರುವಾಗ ಅವರು ಹೇಳಿದರು. "ನೋಡ್ದೇನಪ್ಪ, ಟೋಲ್ ಹತ್ರ ನಿಂತ್ಕಂತು. ನಾನ್ ಎತ್ಕಂಡೆ."

"ಹ್ಞೂಂ ಕಣಣ್ಣ," ಅಂದೆ. ಏನು ಎತ್ತಿಕೊಂಡರು, ಹೇಗೆ ಎತ್ತಿಕೊಂಡರು, ಕೇಳಲಿಲ್ಲ. ಅವರ "ಏನಪ್ಪ"ದಲ್ಲಿ ಬರುವ ಮೂಗಿನ ದನಿಯನ್ನು ಒಳಗೊಳಗೇ ಮಾಡಿ ನೋಡುತ್ತಿದ್ದೆ.

ಗ್ಯಾರೇಜಿಗೆ ಬಂದಾಗ ಮಾವ ಕೇಳಿದ. "ಏನ್ ಕಂಡ್ಯಲೇ?"

ಬಾಯಲ್ಲಿ ಹೇಳಬಹುದಿತ್ತು. ಆದರೆ ಸುತ್ತ ಜನ ಇದ್ದರು. ಟೀ ಕುಡಿಯಲು ನಿಂತ ಲಾರಿಯವರು, ಲೋಕೇಶಪ್ಪ, ಅವರ ಹಿಂದೆ ಬೇರೆ ಗಾಡಿಯಲ್ಲಿ ಬಂದಿದ್ದವರು. ನಾನು ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಚಪ್ಪಲಿ ಬಿಟ್ಟು ಚೀಲಕ್ಕೆ ಹಾಕಿದ ಹಾಗೆ ಮಾಡಿದೆ. ಇಲ್ಲದ ಸ್ಟೀರಿಂಗನ್ನು ಕಣ್ಣಿಗೊತ್ತಿಕೊಂಡೆ. ಬಾಯಲ್ಲಿ ನಾನೂರು ಕುದುರೆಯ ಗುಡುಗು, ಮುಖದಲ್ಲಿ ಆರ್ಡಿನರಿ ಬಸ್ಸು, ಕೆಳಗೆ ಎಡಗಾಲು ಮಿಡುಕು ಮಿಡುಕು. ನಗು ಒಡೆಯಿತು ನೋಡಿ, ತಗಡಿನ ಸದ್ದೂ ಅಡಗಿಹೋಯಿತು. ಲಾರಿಯವನೊಬ್ಬ ಟೀ ಮೈಮೇಲೆ ಚೆಲ್ಲಿಕೊಂಡ. ರುದ್ರಪ್ಪನವರೂ ಮೊದಲು ಸ್ವಲ್ಪ ನಕ್ಕರು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಲೋಕೇಶಪ್ಪ ನಗೋದು ನಿಲ್ಲಿಸಿದರು. "ತಡಿ ತಡಿ. ಕಾಲು ಸದಾ ಕ್ಲಚ್ ಮೇಲೇ ಇರ್ತೈತಾ?"

"ಒಂದ್ ಗಳಿಗೆ ಬಿಡಲ್ಲ ಸಾವ್ಕಾರ್ರೆ," ಅಂದೆ, ಇನ್ನೂ ರುದ್ರಪ್ಪನವರ ದನಿಯಲ್ಲೇ. ಮತ್ತೆ ನಗು.

ಕಾಲನ್ನು ಕ್ಲಚ್ ಮೇಲಿಟ್ಟುಕೊಂಡೇ ಓಡಿಸಿದರೆ ಕ್ಲಚ್ ಪ್ಲೇಟು ಸುಟ್ಟುಹೋಗುತ್ತದೆ. ಅದು ಡ್ರೈವಿಂಗ್ ಸ್ಕೂಲಿಗೆ ಹೋದ ಮಕ್ಕಳಿಗೂ ಗೊತ್ತು. ಲೋಕೇಶಪ್ಪ ರುದ್ರಪ್ಪನವರ ಕಡೆ ತಿರುಗಿದರು.

"ಸಾವ್ಕಾರ್ರೆ, ಹಂಗಲ್ಲ. ಪೆಡಲ್ ನಿಂತ್ಕಂತೈತೆ, ಅದ್ಕೆ ಕಾಲು..."

"ಎಲ್ಲಿ ನಿಂತ್ಕಂತೈತೆ? ಮೇಸ್ತ್ರಿ ತುಳಿದು ನೋಡಿದ್ರಲ್ಲ. ಬಸ್ ಓಡ್ಸಿದಂಗೆ ಓಡ್ಸಿ ಪ್ಲೇಟ್ ಸುಟ್ಟೀರಿ, ಈಗ ಪೆಡಲ್ ಮೇಲೆ ಹಾಕ್ತೀರಿ."

ಮಾವ, "ಗೇರ್‌ಬಾಕ್ಸ್ ಬಿಚ್ಚಿ ಪ್ಲೇಟ್ ನೋಡ್ದೆ ಹೇಳಾಕಾಗಲ್ಲ ಸಾವ್ಕಾರ್ರೆ," ಅಂದ. ಅದಕ್ಕೆ ಲೋಕೇಶಪ್ಪ, "ಆಷಾಢದಾಗೆ ಗೇರ್‌ಬಾಕ್ಸ್ ಬಿಚ್ಚೋದು ಬ್ಯಾಡ. ಹೊಸ ಡ್ರೈವರ್ನೂ ಆಷಾಢದಾಗೆ ಇಟ್ಕಳಲ್ಲ. ಎರಡೂ ಶ್ರಾವಣಕ್ಕೆ. ಅಲ್ಲೀತಂಕ ಗಾಡಿ ಇಲ್ಲೇ ಬಿದ್ದಿರ್ಲಿ," ಅಂದರು. ರುದ್ರಪ್ಪನವರಿಗೆ ಬೇರೆ ಹೇಳಬೇಕಾಗಿಯೂ ಇರಲಿಲ್ಲ.

ರುದ್ರಪ್ಪನವರು ಬೀಗದ ಕೈಯನ್ನು ಮಾವನ ಟೇಬಲ್ಲಿನ ಮೇಲಿಟ್ಟರು. ಸೀಟಿನ ಹಿಂದಿನಿಂದ ಚೀಲ ತೆಗೆದು ಚಪ್ಪಲಿ ಹಾಕಿಕೊಂಡರು. ಗಾಳಿಗೆ ಅಂಗಿ ಬಡಿಯುತ್ತಿದ್ದಂತೆ ಹೈವೇ ದಾಟಿ ಹೋಗಿ ಚಿತ್ರದುರ್ಗದ ಬಸ್ಸಿಗೆ ಕೈ ಅಡ್ಡ ಹಿಡಿದರು. ಅವರು ಹತ್ತಿದ್ದು ಹಿಂದಿನ ಬಾಗಿಲಿನಿಂದ. ಬಸ್ ಡ್ರೈವರಾಗಿದ್ದವರು ಯಾವತ್ತೂ ಮುಂದೆ ಹೋಗಿ ಡ್ರೈವರ್ ಪಕ್ಕ ನಿಂತು ಮಾತಾಡಿಕೊಂಡು ಹೋಗುತ್ತಾರೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನಗೆ ಅದು ಹೊಳೆಯಿತು, ತಟ್ಟೆ ಬಿಟ್ಟು ಎದ್ದೆ.

ಮಾರನೆಯ ದಿನ ಮಾವ ಪಾನಾ ಒರೆಸುತ್ತಾ ಕೂತಿದ್ದವನು ತಾನಾಗೇ ಹೇಳಿದ. "ಎರಡ್ನೇ ಕೈ ಗಾಡಿ. ಹಿಂದಿನೋನು ಹೆಂಗ್ ಓಡ್ಸಿದ್ನೋ ಏನೋ. ಶ್ರಾವಣದಾಗೆ ಬಿಚ್ಚಿದ್ರೆ ಪ್ಲೇಟ್ ಸವೆದೇ ಇರ್ತೈತೆ ನೋಡು."

"ಆಗ?"

"ಆಗೇನು? ಸವೆಸಿದೋನು ರುದ್ರಪ್ಪ ಅಂತ ಆತು. ನೀನೇ ತೋರ್ಸಿಯಲ್ಲ."

ಅಲ್ಲಿಂದ ನನಗೆ ಆಷಾಢ ಓಡತೊಡಗಿತು. ಎಲ್ಲರಿಗೂ ತೆವಳುವ ತಿಂಗಳು ಅದು. ಹೊಸದಾಗಿ ಮದುವೆಯಾದ ಹುಡುಗರು ತವರಿಗೆ ಹೋದ ಹೆಂಡತಿಗಾಗಿ ದಿನ ಎಣಿಸುತ್ತಾ ನಮ್ಮ ಗ್ಯಾರೇಜಿನಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರು. ನನಗೆ ಮಾತ್ರ ಅಮಾವಾಸ್ಯೆ ಕಡೆಗೆ ಇಳಿಜಾರು. ಗೇರ್‌ಬಾಕ್ಸ್ ಬಿಚ್ಚುವ ಮೊದಲು ಪೆಡಲ್ ನಿಲ್ಲುತ್ತದೆ ಅಂತ ತೋರಿಸಬೇಕು. ದಿನಾ ಬೆಳಿಗ್ಗೆ ಬಂದು ಟಾರ್ಪಾಲು ಸರಿಸಿ ಕೂತು ತುಳಿಯುತ್ತಿದ್ದೆ. ಕೆಳಗೆ ಹೋಗೋದು, ಮೇಲೆ ಬರೋದು. ನಿಧಾನ ತುಳಿದೆ, ಜೋರಾಗಿ ತುಳಿದೆ, ಬೈದು ತುಳಿದೆ. ಅಷ್ಟು ಸಾಧು ಪೆಡಲ್ಲನ್ನು ನಾನು ಇನ್ನೂ ನೋಡಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದು ಅಂತ ಮಾವನ ಕಣ್ತಪ್ಪಿಸಿ ಆಯಿಲ್ ಬಿಟ್ಟು ಏರ್ ತೆಗೆದೆ. ಗಾಳಿಯ ಒಂದು ಗುಳ್ಳೆಯೂ ಬರಲಿಲ್ಲ. ಹೊರಗೆ ಅಷ್ಟು ಗಾಳಿ, ಬೇಕಾದಲ್ಲಿ ಇಲ್ಲ.

ಇತ್ತ ನನ್ನ ನಕಲು ನನಗಿಂತ ಮುಂಚೆ ಊರು ಸುತ್ತುತ್ತಿತ್ತು. ಲಾರಿಯವರು ನಿಲ್ಲಿಸಿ, "ಆ ರುದ್ರಪ್ಪಂದು ಒಂದ್ಸಲ ಮಾಡಪ್ಪ," ಅನ್ನೋರು. ಮೊದಲು ಎರಡು ಸಲ ಮಾಡಿದೆ, ನಾಚಿಕೆಗೆಟ್ಟೋನು. ಆಮೇಲೆ ಹಲ್ಲುನೋವು ಅಂದೆ. ಕಾಲಿನ ಆಟಕ್ಕೆ ಹಲ್ಲು ಯಾಕೆ ಅಂತ ಕೇಳಿದರು. ಒಂದು ದಿನ ಸ್ಪೇರ್ ಪಾರ್ಟ್ಸ್ ತರಲು ದುರ್ಗದ ಬಸ್ ಹತ್ತಿದರೆ ಕಂಡಕ್ಟರು ಡ್ರೈವರ್ ಕಡೆ ನೋಡಿ ಎಡಗಾಲು ಕುಣಿಸಿದ, ಇಬ್ಬರೂ ನಕ್ಕರು. ಅವನು ನನ್ನನ್ನು ನೋಡಿದವನೇ ಅಲ್ಲ. ಯಾರೋ ನನ್ನಿಂದ ಕಲಿತವನಿಂದ ಕಲಿತಿದ್ದ. ಗದ್ದ ಮುಂದೆ ತರೋದನ್ನು ಮರೆತಿದ್ದ, ಮೂಗಿನ ದನಿಯೂ ಸರಿ ಇರಲಿಲ್ಲ. ಆದರೂ ಅದು ರುದ್ರಪ್ಪನವರೇ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ದುರ್ಗದಲ್ಲಿ ಇಳಿದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗದೆ ಭರಮಸಾಗರದ ಬಸ್ ಹತ್ತಿದೆ. ಹೋಗಿ ಕಾಲಿಗೆ ಬೀಳೋಣ ಅಂತ. ಊರಿನಲ್ಲಿ ವಿಚಾರಿಸಿದರೆ, "ಕೆರೆ ಕಡೆ ಇರ್ತಾರೆ ನೋಡು," ಅಂದರು. ಏರಿಯ ಮೇಲೆ ಕೂತಿದ್ದರು, ನೀರಿನ ಕಡೆ ಮುಖ ಮಾಡಿ. ದೂರದ ರಸ್ತೆಯಲ್ಲಿ ಹೋದ ಬಸ್ಸೊಂದು ಅವರಿಗಾಗಿಯೇ ಅನ್ನೋ ಹಾಗೆ ಉದ್ದಕ್ಕೆ ಹಾರನ್ ಹೊಡೆಯಿತು. ಅವರು ತಿರುಗಲಿಲ್ಲ. ಅದು ನಮಸ್ಕಾರದ ಹಾರನ್ನೋ, ಆಡಿಕೊಳ್ಳುವ ಹಾರನ್ನೋ, ಹೇಗೆ ಗೊತ್ತಾಗಬೇಕು ಅವರಿಗೆ? ನನಗೂ ಗೊತ್ತಾಗಲಿಲ್ಲ. ತಪ್ಪಾಯ್ತು ಅನ್ನಲು ನನ್ನದೇ ದನಿ ಬೇಕಿತ್ತು, ಅದು ನನಗೆ ರೂಢಿಯಿರಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಬಂದೆ. ಸ್ಪೇರ್ ಪಾರ್ಟ್ಸ್ ಎಲ್ಲಿ ಅಂತ ಮಾವ ಕೇಳಿದಾಗ ಅಂಗಡಿ ಬಾಗಿಲು ಹಾಕಿತ್ತು ಅಂದೆ.

ಆಮೇಲೊಂದು ದಿನ ಈರುಳ್ಳಿ ಲಾರಿಯವನೊಬ್ಬ ಬಂದು ಹಟ ಹಿಡಿದ. "ನಿಮ್ ಹುಡುಗ ಮಾಡ್ದೆ ನಾನ್ ಗಾಡಿ ಎತ್ತಲ್ಲ ಮೇಸ್ತ್ರಿ." ನಾನು ಆಗಲ್ಲ ಅಂದೆ. ಮಾವ ಅದೇನು ಯೋಚಿಸಿದನೋ, "ಮಾಡಲೇ. ಬಕೆಟ್ ಮೇಲೆ ಬ್ಯಾಡ, ಆ ಗಾಡಿಯಾಗೇ ಕುಂತು ಮಾಡು. ನಿಧಾನಕ್ಕೆ. ಕಾಲು ಎಲ್ ಬೀಳ್ತೈತೆ ನಾನೂ ನೋಡ್ತೀನಿ," ಅಂದ.

ಬೂಟು ಬಿಟ್ಟೆ. ಬರಿಗಾಲು. ಕೂತೆ. ಗದ್ದ ಮುಂದೆ ಬಂತು, ತುಟಿ ಎಣಿಸಿತು. ಎಡಗಾಲು ಕ್ಲಚ್ ತುಳಿಯಿತು, ಬಿಟ್ಟಿತು. ಆಮೇಲೆ ಆ ಮಿಡುಕು. ಬಕೆಟ್ಟಿನ ಮೇಲೆ ಕೂತಾಗ ಕಾಲಿಗೆ ಗಾಳಿ ಬಿಟ್ಟರೆ ಏನೂ ತಾಗುತ್ತಿರಲಿಲ್ಲ. ಇಲ್ಲಿ ತಾಗಿತು. ಅಂಗಾಲಿಗಲ್ಲ. ಬೆರಳುಗಳ ಮೇಲ್ಭಾಗಕ್ಕೆ, ಉಗುರಿನ ಹತ್ತಿರ, ತಣ್ಣಗೆ ಕಬ್ಬಿಣ. ನನ್ನ ಕಾಲು ಪೆಡಲಿನ ಕೆಳಗೆ ತೂರಿ ಅದನ್ನು ಮೇಲಕ್ಕೆ ಎತ್ತುತ್ತಿತ್ತು.

ಮತ್ತೆ ಮಾಡಿದೆ. ಹಾಗೇ. ಕಾಲಿಗೆ ಪಾಠ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ ಅಷ್ಟೆ.

"ಮಾವ, ಅವರು ತುಳೀತಿರಲಿಲ್ಲ. ಎತ್ತುತಿದ್ರು." ನನ್ನ ದನಿ ಹೇಗಿತ್ತೋ, ಈರುಳ್ಳಿ ಲಾರಿಯವನು ನಗಲಿಲ್ಲ. 'ನಾನ್ ಎತ್ಕಂಡೆ' ಅಂತ ಅವರು ಬಾಯಿಬಿಟ್ಟು ಹೇಳಿದ್ದನ್ನೂ ಹೇಳಿದೆ. ಮಾವ ನನ್ನ ಮುಖವನ್ನೇ ನೋಡಿದ. ಅವನು ಬೈದಿದ್ದರೆ ಹಗುರಾಗುತ್ತಿತ್ತು. "ಹಂಗಾದ್ರೆ ನಿಲ್ತೈತೆ," ಅಂದ. "ಬಿಸಿ ಆದಾಗ ನಿಲ್ತೈತೆ. ನಾವ್ ತಣ್ಣಗಿರೋ ಗಾಡಿ ಮುಂದೆ ಕುಂತೀವಿ."

ಯಜಮಾನರನ್ನು ಕೇಳದೆ ಗಾಡಿ ಹೊರಗೆ ತೆಗೆಯೋದು ತಪ್ಪು. ಕೇಳಿದರೆ ಬೇಡ ಅನ್ನುತ್ತಾರೆ. ಮಾವ ಟಾರ್ಪಾಲನ್ನು ಪೂರ್ತಿ ಎಳೆದು ಬಿಸಾಕಿ, "ಹತ್ತಲೇ," ಅಂದ.

ಹೈವೇಯಲ್ಲಿ ದುರ್ಗದ ಕಡೆ ಹೊರಟೆವು. ಸೈಲೆನ್ಸರ್ ಗುಡುಗುತ್ತಿತ್ತು. ನಾನು ಪಕ್ಕದ ಸೀಟಿನಲ್ಲಿ ಬಗ್ಗಿ ಮಾವನ ಬೂಟಿನ ಮೇಲೇ ಕಣ್ಣಿಟ್ಟಿದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಮುಂದೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೈಲರೊಂದು ಸಿಕ್ಕಿತು. ಆ ರೆಕ್ಕೆ ನೋಡಿದವರಿಗೇ ಗೊತ್ತು, ಒಂದು ಬೀದಿಯಷ್ಟು ಉದ್ದ. ಅದರ ತುದಿ ಟ್ರೈಲರಿನ ಹಿಂದೆ ನಮ್ಮ ಗಾಜಿನ ಎತ್ತರಕ್ಕೆ ಚಾಚಿಕೊಂಡಿತ್ತು, ತುದಿಗೆ ಕೆಂಪು ಬಟ್ಟೆ. ಅದು ಗುಡ್ಡದ ಕಡೆ ತಿರುಗಲು ರಸ್ತೆಗೆ ಅಡ್ಡ ನಿಂತಿತು. ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ. ಏರು ರಸ್ತೆ. ಹೋಗೋದು, ನಿಲ್ಲೋದು, ಮತ್ತೆ ಒಂದು ಮಾರು ಹೋಗೋದು. ಬಾನೆಟ್ಟಿನ ಸಂದಿಯಿಂದ ಬೆಂದ ರಬ್ಬರಿನ ವಾಸನೆ ಒಳಗೆ ಬಂತು.

"ಲೇ ಮಂಜ." ಮಾವನ ದನಿ ಸಣ್ಣಗಾಗಿತ್ತು. "ಕಾಲು ಎತ್ತಿದೀನಿ ಕಣೋ. ಅದು ಬಂದಿಲ್ಲ."

ಪೆಡಲ್ ನೆಲಕ್ಕೆ ಅಂಟಿ ಮಲಗಿತ್ತು. ಗೇರಿನಲ್ಲಿದ್ದರೂ ಚಕ್ರಕ್ಕೆ ಎಂಜಿನ್ನಿನ ಹಂಗಿಲ್ಲ. ಗಾಡಿ ಹಿಂದಕ್ಕೆ, ಬಸ್ಸಿನ ಕಡೆ ಜಾರತೊಡಗಿತು. ಬಸ್ಸಿನವನು ಹಾರನ್ ಮೇಲೆ ಕೈಯಿಟ್ಟ. ಮಾವ ಬೂಟನ್ನು ಪೆಡಲಿನ ಕೆಳಗೆ ತೂರಿಸಲು ನೋಡಿದ, ದಪ್ಪ ಬೂಟು, ಹೋಗಲಿಲ್ಲ. ಗಾಬರಿಯಲ್ಲಿ ಬಲಗಾಲು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯಿತು. ಎಂಜಿನ್ನು ಕೂಗಿತು. ನಾನು ಅವನ ಕಾಲುಗಳ ನಡುವೆ ತಲೆ ತೂರಿಸಿ ಪೆಡಲ್ಲನ್ನು ಕೈಯಲ್ಲಿ ಹಿಡಿದು ಎಳೆದೆ.

ಬಂತು. ಒಮ್ಮೆಗೇ ಬಂತು. ಅಷ್ಟೂ ಕುದುರೆಗಳು ಕಟ್ಟು ಬಿಚ್ಚಿದ ಹಾಗೆ ಗಾಡಿ ಮುಂದಕ್ಕೆ ಹಾರಿತು. ನನ್ನ ತಲೆ ಡ್ಯಾಶ್‌ಬೋರ್ಡಿನ ಅಡಿಗೆ ಬಡಿಯಿತು. ಪಟಪಟ ಅಂತ ಏನೋ ಗಾಜಿಗೆ ಹೊಡೆಯಿತು. ಮಾವ ಬ್ರೇಕಿನ ಮೇಲೆ ನಿಂತೇಬಿಟ್ಟಿದ್ದ. ಎಂಜಿನ್ನು ಸತ್ತಿತು. ತಲೆಯೆತ್ತಿ ನೋಡಿದರೆ ಕೆಂಪು ಬಟ್ಟೆ ನಮ್ಮ ಗಾಜಿನ ಮೇಲೆ ಒದರಾಡುತ್ತಿತ್ತು. ರೆಕ್ಕೆಯ ತುದಿ ಗಾಜಿಗೆ 'ಚೆನ್ನಾಗಿದೀಯಾ' ಅನ್ನುವಷ್ಟು ಹತ್ತಿರದಲ್ಲಿತ್ತು. ಮಾವನ ತುಟಿ ಏನೋ ಎಣಿಸುತ್ತಿತ್ತು. ಅದನ್ನು ನಾನು ಇವತ್ತಿಗೂ ನಕಲು ಮಾಡಿಲ್ಲ.

ಬಸ್ಸಿನವರು ಇಳಿದು ಬೈಯುತ್ತಾ ಗಾಡಿಯನ್ನು ಬದಿಗೆ ತಳ್ಳಿಕೊಟ್ಟರು. ಮಾವ ಬಾನೆಟ್ ಎತ್ತಿ, ಅಡ್ಡ ಇದ್ದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಕೆಳಗೆ ನೋಡಿದ. ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ನಾಲ್ಕು ಹನಿ ಬಿಟ್ಟ. ಚುಂಯ್ ಅಂತು, ದೋಸೆ ಹಂಚಿನ ಹಾಗೆ.

"ಬಾ ಇಲ್ಲಿ. ನೋಡು. ಇದು ಸೈಲೆನ್ಸರ್ ಪೈಪು. ಇದು ಕ್ಲಚ್ಚಿನ ಆಯಿಲ್ ಪೈಪು."

ಬೆರಳು ಗಾತ್ರದ ರಬ್ಬರ್ ಪೈಪು, ಹೊಸ ದಪ್ಪ ಸೈಲೆನ್ಸರಿಗೆ ಒರಗಿಕೊಂಡು ಕೂತಿತ್ತು, ಚಳಿಗೆ ಒಲೆ ಹತ್ತಿರ ಕೂತವರ ಹಾಗೆ. ಈ ಗಾಡಿಯಲ್ಲಿ ಕ್ಲಚ್ಚಿಗೆ ತಂತಿ ಇಲ್ಲ, ಆಯಿಲ್ ಒತ್ತಡದಿಂದಲೇ ನಡೆಯೋದು. ಬೆಂದು ಬೆಂದು ರಬ್ಬರು ಒಳಗೇ ಊದಿಕೊಂಡಿದೆ, ತುಳಿದರೆ ಆಯಿಲ್ ಬಲವಂತದಿಂದ ಮುಂದೆ ಹೋಗುತ್ತದೆ, ವಾಪಸ್ ಬರಲು ದಾರಿಯಿಲ್ಲ, ತಣ್ಣಗಾದರೆ ಬಿಡುತ್ತದೆ ಅಂತ ಮಾವ ಹೇಳಿದ. ಹೇಳಿದ್ದು ನಿಜವಾ ಅಂತ ನೋಡಲು ಎಂಜಿನ್ನು ಬಿಸಿಯಿದ್ದಾಗಲೇ ಪೆಡಲ್ ತುಳಿದು ಬಿಟ್ಟು, ಬಾಗಿಲು ತೆರೆದಿಟ್ಟು, ಇಬ್ಬರೂ ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಗಾಳಿ ಬೀಸುತ್ತಿತ್ತು. ಮಲಗಿದ್ದ ಪೆಡಲ್ ಬಹಳ ಹೊತ್ತಾದ ಮೇಲೆ ಯಾರೂ ಮುಟ್ಟದೆ ಮೆಲ್ಲಗೆ ಏಳತೊಡಗಿತು. ಮಧ್ಯಾಹ್ನದ ನಿದ್ದೆ ಮುಗಿಸಿದ ಮುದುಕರ ಹಾಗೆ ಎದ್ದು, ತನ್ನ ಜಾಗದಲ್ಲಿ ನಿಂತಿತು. ನನಗೆ ಅಳು ಬಂತು. ಮಣ್ಣು ಕಣ್ಣಿಗೆ ಬಿತ್ತು ಅಂದೆ.

ಆ ಪೈಪು ಬಿಚ್ಚಿ, ಉದ್ದಕ್ಕೆ ಸೀಳಿ ಇಟ್ಟುಕೊಂಡೆವು. ಒಳಗೆ ಕಡ್ಡಿ ಹೋಗಲೂ ಜಾಗವಿರಲಿಲ್ಲ. ಹೊಸ ಪೈಪು ತರಿಸಿ ದೂರದಿಂದ ಸುತ್ತಿಸಿ ಹಾಕಿದೆವು, ನಡುವೆ ತಗಡಿನ ಮರೆ ಕಟ್ಟಿದೆವು, ಕಪ್ಪು ಆಯಿಲ್ ಚೆಲ್ಲಿ ಹೊಸದು ತುಂಬಿದೆವು. ಆಮೇಲೆ ಮಾವ ಲೋಕೇಶಪ್ಪನವರಿಗೆ ಫೋನ್ ಮಾಡಿದ, ಕೇಳದೆ ಗಾಡಿ ತೆಗೆದದ್ದನ್ನೂ ಸೇರಿಸಿ ಹೇಳಿದ.

ಅವರು ಬಂದು ಸೀಳಿದ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರೆ ಸೈಲೆನ್ಸರ್ ತಪ್ಪು ಅಂತೀರಾ?"

"ಸೈಲೆನ್ಸರ್ ತಾನಾಗೇ ಬಂದು ಕುಂತಿಲ್ಲ ಸಾವ್ಕಾರ್ರೆ," ಅಂದ ಮಾವ.

ಲೋಕೇಶಪ್ಪ ಪೈಪನ್ನು ಟೇಬಲ್ಲಿನ ಮೇಲಿಟ್ಟರು. ನನ್ನ ಕಡೆ ತಿರುಗಿದರು. "ಮತ್ತೆ ನೀನು ಅವತ್ತು ಮಾಡಿ ತೋರ್ಸಿದ್ದು?"

"ಮಾಡಿದ್ದು ಸರಿಯಾಗೇ ಇತ್ತು ಸಾವ್ಕಾರ್ರೆ. ಕಾಲು ಪೆಡಲಿನ ಮೇಲೆ ಅಂದಿದ್ದು ತಪ್ಪು. ಕೆಳಗಿತ್ತು. ನಿಂತ ಪೆಡಲ್ ಎತ್ತಿ ಎತ್ತಿ ನಿಮ್ಮನ್ನ ಇಷ್ಟು ದಿನ ಮನೆಗೆ ಮುಟ್ಟಿಸ್ಯಾರೆ." ನನ್ನದೇ ದನಿಯಲ್ಲಿ ಹೇಳಿದೆ. ಬಹಳ ಸಪ್ಪೆ ದನಿ, ಯಾರಿಗೂ ನಗು ಬರಲಿಲ್ಲ. ರೆಕ್ಕೆಯ ತುದಿಯ ಹತ್ತಿರ ನಮಗಾದದ್ದನ್ನು ಮಾವ ಹೇಳಿದಾಗ ಅವರು ತಾವು ಯಾವಾಗಲೂ ಕೂರುವ ಎಡಗಡೆ ಸೀಟನ್ನು ಒಮ್ಮೆ ನೋಡಿದರು.

ಅಮಾವಾಸ್ಯೆ ಹತ್ತಿರ ಬಂದಿತ್ತು. ಶ್ರಾವಣಕ್ಕೆ ಅಂತ ಗೊತ್ತು ಮಾಡಿದ್ದ ಡ್ರೈವರಿಗೆ ಬೇಡ ಅಂತ ಹೇಳಿ ಕಳಿಸಿ, ಲೋಕೇಶಪ್ಪ ತಾವೇ ಭರಮಸಾಗರಕ್ಕೆ ಹೊರಟರು. ಕಾರು ಮಾವ ಓಡಿಸಿದ. ನಾನು ಹಿಂದಿನಿಂದ ಬೈಕಿನಲ್ಲಿ. ದಾರಿಯುದ್ದಕ್ಕೂ ರುದ್ರಪ್ಪನವರು ಬರಲ್ಲ ಅಂದರೆ ಏನು ಮಾಡೋದು ಅಂತ ಒಂದೇ ಯೋಚನೆ. ಪೈಪಿನ ವಿಷಯ ನಾವು ಡ್ರೈವರುಗಳಿಗೆಲ್ಲ ಹೇಳಬಹುದು. ನಕಲು ಮಾಡಿದಷ್ಟು ಬೇಗ ಅದು ಊರು ಸುತ್ತುತ್ತದಾ? ಅವರು ಮತ್ತೆ ಆ ಗಾಡಿಯಲ್ಲಿ ಕಂಡರೆ ಮಾತ್ರ ಜನ ನಂಬುತ್ತಾರೆ.

ರುದ್ರಪ್ಪನವರ ಮನೆ ಮುಂದೆ ಕಾರು ನಿಂತಾಗ ಬೀದಿಯ ಬಾಗಿಲುಗಳೆಲ್ಲ ತೆರೆದವು. ಅವರ ಹೆಂಡತಿ ಹೊರಗೆ ಬಂದು, ಹೆಲ್ಮೆಟ್ ತೆಗೆಯುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ, ಗ್ರೀಸು ಹತ್ತಿದ ಬೂಟಿನವರೆಗೂ ನೋಡಿ ಒಳಕ್ಕೆ ಕೂಗಿದರು. "ಏನ್ರೀ, ನಿಮ್ ಕಾಲು ಬಂದೈತೆ ನೋಡ್ರಿ."

ರುದ್ರಪ್ಪನವರು ಬಂದರು. ನಾನು ಬಗ್ಗಿ ಕಾಲು ಮುಟ್ಟಿದೆ. "ಇರ್ಲಿ ಏಳಪ್ಪ," ಅಂದರು, ಅಷ್ಟೆ. ಮಾವ ಸೀಳಿದ ಪೈಪು ಕೊಟ್ಟು ಎಲ್ಲ ಹೇಳಿದ. ಅವರು ಅದರೊಳಗೆ ಉಗುರು ಆಡಿಸಿ ನೋಡಿದರು, ಹೆಂಡತಿಗೂ ತೋರಿಸಿದರು, ಪಕ್ಕದ ಮನೆಯವರಿಗೂ ಕೊಟ್ಟರು. ಅದು ಕೈಯಿಂದ ಕೈಗೆ ಹೋಗಿ ಬೀದಿಯ ಆ ತುದಿ ಮುಟ್ಟಿತು.

"ರುದ್ರಪ್ನೋರೆ, ನಂದು ತಪ್ಪಾತು," ಅಂದರು ಲೋಕೇಶಪ್ಪ. ಬೀದಿಯವರೆಲ್ಲ ಕೇಳುತ್ತಿದ್ದರು, ಆದರೂ ದನಿ ಇಳಿಸಲಿಲ್ಲ. "ಕ್ಲಚ್ ಸರಿ ಆಗೈತೆ. ಶ್ರಾವಣ ಹುಟ್ಟಿದ ದಿನದಿಂದ ಬರ್ರಿ. ಗಾಡಿ ನೀವೇ ಓಡ್ಸ್‌ಬೇಕು."

ರುದ್ರಪ್ಪನವರು ಕಾರಿನ ಹತ್ತಿರ ಹೋದರು. ಬಗ್ಗಿ ಕೈಯಿಂದ ಪೆಡಲ್ ಒತ್ತಿ ಬಿಟ್ಟರು. ಬಂತು. ಎದ್ದು ಲುಂಗಿ ಸರಿ ಮಾಡಿಕೊಂಡರು.

"ಬರ್ತೀನಿ ಸಾವ್ಕಾರ್ರೆ," ಅಂದರು. "ಆದ್ರೆ ಇನ್ನು ನೀವ್ ಓಡ್ಸ್ರಿ. ನಾನ್ ಪಕ್ಕದಾಗೆ ಕುಂತು ನಿಮ್ ಕಾಲು ಎಲ್ಲೈತೆ ಅಂತ ನೋಡ್ಕಂತಿರ್ತೀನಿ."